ಪಿಟೀಲು ಉರಾಳರ ಅರವತ್ತರ ಸಂಭ್ರಮ

ತಮ್ಮ ಅರವತ್ತನೇ ಹುಟ್ಟುಹಬ್ಬಕ್ಕೆ ಯಾರೂ ಏನೂ ಮಾಡಬಾರದು ಎಂದು ಕೋಟದ ಬಾಲಚಂದ್ರ ಉರಾಳರು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದರು. ಬ್ರಹ್ಮಾವರದ ಭಾನುವಾರದ ಪಾಠದಲ್ಲಿ ಶಿಷ್ಯರಿಗೆ ಹೇಳಿದರು, ಡೇರಿಯಲ್ಲಿ ಹಾಲು ಅಳೆಯುವವನಿಗೆ ಹೇಳಿದರು, ಹಲ್ಲು ಕೀಳಿಸಲು ಹೋದಾಗ ಬಾಯಲ್ಲಿ ಹತ್ತಿ ತುರುಕಿಕೊಂಡೇ ಡಾಕ್ಟರಿಗೂ ಹೇಳಿದರು. "ಹಾರ, ತುರಾಯಿ, ಶಾಲು ಯಾವುದೂ ಬೇಡ. ಆ ದಿನ ನಾನು ಊರಿನಲ್ಲೇ ಇರುವುದಿಲ್ಲ. ವನಮಾಲಾಳನ್ನು ಕರೆದುಕೊಂಡು ಗೋಕರ್ಣಕ್ಕೆ ಹೋಗುತ್ತೇನೆ. ಕುಂದಾಪುರದಿಂದ ಬೆಳಗಿನ ರೈಲು."

ಸನ್ಮಾನ ಬೇಡದವರು ರೈಲಿನ ಹೊತ್ತನ್ನೂ ಹತ್ತುವ ಸ್ಟೇಷನ್ನನ್ನೂ ಇಷ್ಟು ಸ್ಪಷ್ಟವಾಗಿ ಹೇಳಬೇಕಾಗಿರಲಿಲ್ಲ. ಆದರೆ ಉರಾಳರ ಲೆಕ್ಕಾಚಾರವೇ ಬೇರೆ. ಬೇಡ ಎಂದಷ್ಟೂ ಜನರಿಗೆ ಮಾಡಬೇಕೆನ್ನಿಸುತ್ತದೆ, ಗುಟ್ಟಾಗಿ ಮಾಡುತ್ತಾರೆ, ತಾವು ಏನೂ ತಿಳಿಯದವರ ಹಾಗೆ ಬಾಗಿಲಲ್ಲಿ ನಿಂತು "ಅಯ್ಯೋ, ಇದೆಲ್ಲ ಯಾಕೆ?" ಎನ್ನಬೇಕು. ಆ "ಅಯ್ಯೋ"ವನ್ನು ಅವರು ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿಕೊಂಡಿದ್ದರು. ಅದರ ಹಿಂದೆ ಬರುವ ಭಾಷಣವನ್ನೂ ಅಲ್ಲೇ ಬಾಯಿಪಾಠ ಮಾಡುತ್ತಿದ್ದಾಗ ಹೊರಗಿನಿಂದ ವನಮಾಲಾ ಬಾಗಿಲು ಬಡಿದು, "ಒಳಗ್ ಯಾರತ್ರ ಮಾತಾಡ್ತ್ರಿ? ಟ್ಯಾಂಕಿ ನೀರ್ ಖಾಲಿ ಆತ್ತ್, ಬೇಗ ಮೀಯಿನಿ" ಎಂದು ಕೂಗಿದ್ದಳು.

ಉರಾಳರು ಪಿಟೀಲು ನುಡಿಸುವವರು. ಬೇರೆಯವರು ಪಿಟೀಲು ಅಂದರೆ ಅವರು ವಯಲಿನ್ ಎಂದು ತಿದ್ದುತ್ತಿದ್ದರು. ಶ್ರುತಿ ತಪ್ಪುತ್ತಿರಲಿಲ್ಲ, ತಾಳ ತಪ್ಪುತ್ತಿರಲಿಲ್ಲ, ಯಾರಿಗೂ ನೆನಪಿನಲ್ಲಿ ಉಳಿಯುತ್ತಲೂ ಇರಲಿಲ್ಲ. ಹಾಡುವವರು ಔದಾರ್ಯದಿಂದ ಇವರಿಗೆ ಒಂದು ಸುತ್ತು ಬಿಟ್ಟುಕೊಟ್ಟರೆ ಸಭೆಯವರು ಅದೇ ಹೊತ್ತಿಗೆ ಕಾಫಿಗೆ ಏಳುತ್ತಿದ್ದರು. ಆಮಂತ್ರಣ ಪತ್ರಿಕೆಯಲ್ಲಿ ಹಾಡುಗಾರರ ಹೆಸರು ಕುಂಬಳಕಾಯಿಯಷ್ಟಿದ್ದರೆ ಇವರದು ಸಾಸಿವೆಯಷ್ಟು. ಒಂದು ಸಲವಂತೂ ಅದೂ ಇಲ್ಲದೆ "ಪಿಟೀಲು: ಸ್ಥಳೀಯರು" ಎಂದು ಅಚ್ಚಾಗಿತ್ತು. ಆ ಊರಿಗೆ ಅವರು ಮತ್ತೆ ಹೋಗಲಿಲ್ಲ. ಕರೆದೂ ಇರಲಿಲ್ಲ.

ಹುಟ್ಟುಹಬ್ಬದ ಬೆಳಿಗ್ಗೆ ಅವರು ಬ್ರಹ್ಮಾವರದ ದರ್ಜಿ ಹೊಲಿದುಕೊಟ್ಟ ರೇಷ್ಮೆ ಜುಬ್ಬಾ ತೊಟ್ಟು, ಜರಿ ಶಲ್ಯ ಹೊದ್ದು, ಪಿಟೀಲಿನ ಪೆಟ್ಟಿಗೆ ಹಿಡಿದು ಅಂಗಳಕ್ಕಿಳಿದರು.

"ರೈಲಂಗೆ ಹೋಪುಕೆ ಇದೆಂತ ವೇಷ?" ವನಮಾಲಾ ಕೇಳಿದಳು. "ಪಿಟೀಲ್ ಎಂತಕ್ಕೆ?"

"ಕಡಲ ತೀರದ ಏಕಾಂತದಲ್ಲಿ ನುಡಿಸುವ ಮನಸ್ಸಾಗಬಹುದು." ತಮ್ಮ ಬಗ್ಗೆ ಗೌರವ ಹೆಚ್ಚಾದ ದಿನಗಳಲ್ಲಿ ಉರಾಳರು ಮನೆಯಲ್ಲೂ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದರು.

ವನಮಾಲಾ ಮಾತ್ರ ಗೋಕರ್ಣಕ್ಕೆ ಹೋಗುವುದನ್ನು ಗೋಕರ್ಣಕ್ಕೆ ಹೋಗುವುದು ಎಂದೇ ತಿಳಿದಿದ್ದಳು. ಎರಡು ದಿನ ಯಾರಿಗೂ ಕಾಫಿ ಮಾಡಿಕೊಡಬೇಕಾಗಿಲ್ಲ, ಶಿಷ್ಯರ ಚಪ್ಪಲಿಗಳನ್ನು ದಾಟಿಕೊಂಡು ಓಡಾಡಬೇಕಾಗಿಲ್ಲ, ಕೋಣೆಯ ಕಿಟಕಿ ತೆರೆದರೆ ಸಮುದ್ರ. ಮನೆಗೆ ಬೀಗ ಹಾಕಿ, ಕೀಲಿಕೈಯನ್ನು ಕೈಚೀಲದ ತಳಕ್ಕೆ ಸೇರಿಸಿ, ನೆಮ್ಮದಿಯಾಗಿ ಕಾರು ಹತ್ತಿದಳು.

ಕಾರು ಶಿಷ್ಯ ಕೌಶಲನದು. ಅವನಿಗೆ ತೆಕ್ಕಟ್ಟೆಯಲ್ಲಿ ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುವ ವ್ಯಾಪಾರ. ಐದು ವರ್ಷದಿಂದ ಒಂದೇ ವರ್ಣ ಕಲಿಯುತ್ತಿದ್ದ. ಅದರ ಬಗ್ಗೆ ಗುರುವಿಗೂ ಶಿಷ್ಯನಿಗೂ ಬೇಸರವಿರಲಿಲ್ಲ. ಕುಂದಾಪುರ ಸ್ಟೇಷನ್ನಿನಲ್ಲಿ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ವಿಚಾರಿಸಿ ಬಂದವನು ತಲೆ ತುರಿಸಿಕೊಂಡ.

"ಗಾಡಿ ಲೇಟಂಬ್ರ್ ಮಾಷ್ಟ್ರೇ. ಮುಂದೆ ಯಾವ್ದೋ ಗೂಡ್ಸ್ ಗಾಡಿ ಎಂಜಿನ್ ಹಾಳಾಯಿ ನಿಂತಿತ್ ಗಡ. ಎಷ್ಟೊತ್ತಿಗ್ ಬತ್ತೋ ಅವ್ರಿಗೂ ಗೊತ್ತಿಲ್ಲೆ."

ಉರಾಳರು ನಕ್ಕರು. ರೈಲು ತಡವಾದಾಗ ಹಾಗೆ ನಗುವವರನ್ನು ಕೌಶಲ್ ಕಂಡಿರಲಿಲ್ಲ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಅವನು ಕಂಬದ ಮರೆಗೆ ಹೋಗಿ, ಗುರುಗಳತ್ತ ಒಂದು ಕಣ್ಣಿಟ್ಟು, ದನಿ ತಗ್ಗಿಸಿ ಮಾತಾಡಿದ. ಉರಾಳರ ಕಿವಿ ಅರವತ್ತಾದರೂ ಸಂಗೀತಗಾರನ ಕಿವಿ.

"ಹ್ವಾಯ್, ಮಾಷ್ಟ್ರ್ ಇಲ್ಲೇ ಇದ್ರ್, ಹೆಚ್ಚ್ ಮಾತಾಡುಕ್ ಆತಿಲ್ಲೆ. ನಾ ಬಪ್ಪಲ್ಲೊರಿಗೆ ಶುರು ಮಾಡ್ಬೇಡಿ. ಬತ್ತೆ, ಬತ್ತೆ."

ನಿಜಕ್ಕೂ ನಡೆದದ್ದಿಷ್ಟು: ಬೈಂದೂರಿನ ಸಭಾಭವನವೊಂದರಲ್ಲಿ ಕೌಶಲನ ಮೈಕ್ ಸೆಟ್ ಕೈಕೊಟ್ಟಿತ್ತು. ಅಲ್ಲಿದ್ದ ಕೆಲಸದವನನ್ನು ಅವನು ಎಂದಿನ ಭಾಷೆಯಲ್ಲಿ ಬೈಯಬೇಕಿತ್ತು, ಗುರುಗಳ ಎದುರು ಆ ಭಾಷೆ ಆಡುವಂತಿರಲಿಲ್ಲ. ಉರಾಳರಿಗೆ ಕೇಳಿಸಿದ್ದು ಬೇರೆಯೇ.

ಕೌಶಲ್ ಬಂದು ಹೇಳಿದ: "ನೀವ್ ಇಲ್ಲ್ ಸುಮ್ನೆ ಕೂಕಂಡ್ ಎಂತ ಮಾಡ್ತ್ರಿ? ನಂಗೂ ಬೈಂದೂರಿಗ್ ಹೋಪ್ದ್ ಇತ್ತ್, ಒಂದ್ ಫಂಕ್ಷನ್. ಕಾರಂಗೆ ಬನ್ನಿ. ಅಲ್ಲಿನ್ ಸ್ಟೇಷನ್ನಿಗ್ ಬಿಡ್ತೆ, ಇದೇ ಗಾಡಿ ಅಲ್ಲಿಗೂ ಬತ್ತ್ ಅಲ್ದಾ? ಅದಕ್ಕ್ ಮುಂಚೆ ಒಂಚೂರ್ ತೆಕ್ಕಟ್ಟಿಗ್ ಹೋಯ್ ಬರ್ಕ್, ಆಂಪ್ಲಿಫಯರ್ ತರುಕೆ."

"ಎಂತದು? ಬಂದ್ ದಾರಿಯಂಗೇ ವಾಪಸ್ ಹೋಪ್ದಾ?" ವನಮಾಲಾ ಎದ್ದು ನಿಂತಳು.

"ಹೋಗೋಣ, ಹೋಗೋಣ. ಕೌಶಲ್ ಹೇಗೆ ಹೇಳುತ್ತಾನೋ ಹಾಗೆ," ಎಂದರು ಉರಾಳರು. ಯಾರ ಫಂಕ್ಷನ್, ಎಂಥದು ಎಂದು ಅವರು ಕೇಳಲಿಲ್ಲ. ಅಷ್ಟು ಕಷ್ಟಪಟ್ಟು ಗುಟ್ಟು ಕಾಯುತ್ತಿರುವ ಹುಡುಗನನ್ನು ಕೇಳಿ ಪೇಚಿಗೆ ಸಿಲುಕಿಸುವುದು ಸಭ್ಯತೆಯಲ್ಲ ಎಂದುಕೊಂಡರು.

ಹೀಗೆ ಗೋಕರ್ಣಕ್ಕೆ ಉತ್ತರ ದಿಕ್ಕಿಗೆ ಹೊರಟವರು ದಕ್ಷಿಣಕ್ಕೆ ತಿರುಗಿ ತೆಕ್ಕಟ್ಟೆಗೆ ಬಂದರು. ಕೌಶಲ್ ಗೋದಾಮಿನೊಳಗೆ ಹೋದವನು ಬೇಗ ಹೊರಗೆ ಬರಲಿಲ್ಲ. ವನಮಾಲಾ ಸೆರಗಿನಿಂದ ಗಾಳಿ ಹಾಕಿಕೊಂಡಳು. ಉರಾಳರು ಅವಳತ್ತ ವಾಲಿ, "ಹೊತ್ತು ಕಳೆಯುತ್ತಿದ್ದಾನೆ. ಅಲ್ಲಿ ಜನ ಸೇರಬೇಕಲ್ಲ," ಎಂದರು.

"ಯಾವ ಜನ?"

"ನಿನಗೆ ತಿಳಿಯುವುದಿಲ್ಲ. ಅಷ್ಟು ತಿಳಿದಿದ್ದರೆ ಒಳ್ಳೆಯ ಸೀರೆ ಉಟ್ಟುಕೊಂಡು ಬರುತ್ತಿದ್ದೆ."

ವನಮಾಲಾ ತನ್ನ ಹತ್ತಿ ಸೀರೆಯನ್ನು ನೋಡಿಕೊಂಡಳು. ಗಂಡನಿಗೆ ಬೆಳಗಿನ ಮಾತ್ರೆ ಕೊಟ್ಟಿದ್ದೆನೋ ಇಲ್ಲವೋ ಎಂದು ನೆನಪು ಮಾಡಿಕೊಂಡಳು. ಕೊಟ್ಟಿದ್ದಳು.

ಮತ್ತೆ ಕುಂದಾಪುರ ದಾಟಿ, ಹೆಮ್ಮಾಡಿಯಲ್ಲಿ ಅಗೆದು ಹಾಕಿದ ರಸ್ತೆಯ ಧೂಳು ತಿಂದು, ಮರವಂತೆಗೆ ಬಂದಾಗ ಎಡಕ್ಕೆ ಕಡಲು ಹೊಳೆಯಿತು. ವನಮಾಲಾ ಗಾಜು ಇಳಿಸಿ ಮುಖವೊಡ್ಡಿದಳು. ಶಲ್ಯ ಹಾರುತ್ತದೆಂದು ಉರಾಳರು ಗಾಜು ಏರಿಸಲು ಹೇಳಿದರು.

ಬೈಂದೂರು ತಲುಪುವ ಹೊತ್ತಿಗೆ ಊರಿನಾಚೆಯ ಒತ್ತಿನೆಣೆ ಗುಡ್ಡದಲ್ಲಿ ಟ್ಯಾಂಕರ್ ಒಂದು ಅಡ್ಡ ಮಗುಚಿ ಬಿದ್ದಿದೆ, ಆಚೆಯಿಂದ ಯಾವ ಗಾಡಿಯೂ ಬರುತ್ತಿಲ್ಲ ಎಂದು ಸುದ್ದಿ. ರೈಲಿನದ್ದೂ ಸುದ್ದಿಯಿಲ್ಲ. "ಆಂಪ್ಲಿಫಯರ್ ಕೊಟ್ಟ್, ಕೂಡ್ಲೇ ಸ್ಟೇಷನ್ನಿಗ್ ಹೋಪ," ಎಂದು ಕೌಶಲ್ ಕಾರನ್ನು ಸಭಾಭವನದ ಆವರಣಕ್ಕೆ ತಿರುಗಿಸಿದ. ಹೆಬ್ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ. ಮೇಲೆ ಬ್ಯಾನರ್. ಅಡುಗೆಯವರ ಟೆಂಪೊ ಅದರ ಕೆಳಭಾಗಕ್ಕೆ ಅಡ್ಡ ನಿಂತಿತ್ತು. ಮೇಲಿನ ಸಾಲು ಮಾತ್ರ ಕಾಣುತ್ತಿತ್ತು: ಅರವತ್ತರ ಸಂಭ್ರಮ.

ಉರಾಳರು ಶಲ್ಯ ಸರಿಮಾಡಿಕೊಂಡರು. ಹೆಂಡತಿಯ ಕೈ ಹಿಡಿದು, "ಕಂಡ್ಯಾ?" ಎಂದರು. ಪುಸ್ತಕದ ಕನ್ನಡ ಆ ಕ್ಷಣಕ್ಕೆ ಬಿಟ್ಟುಹೋಗಿತ್ತು.

ವನಮಾಲಾ ಕಂಡಳು. ಬ್ಯಾನರ್ ನೋಡಿದಳು, ಸಾಲಾಗಿ ನಿಂತ ಕಾರುಗಳನ್ನು ನೋಡಿದಳು, ಆಂಪ್ಲಿಫಯರ್ ಹೊತ್ತುಕೊಂಡು ಒಳಗೆ ಓಡುತ್ತಿದ್ದ ಕೌಶಲನನ್ನು ನೋಡಿದಳು. ಅವಳಿಗೂ ಹೌದೆನ್ನಿಸಿತು. ಎಷ್ಟೆಂದರೂ ಗಂಡ, ಇಷ್ಟು ವರ್ಷ ಬೇರೆಯವರ ಪಕ್ಕದಲ್ಲಿ ಕೂತೇ ಬಂದವರು. "ಅಯ್ಯೋ ದೇವ್ರೇ, ಮೊದ್ಲೇ ಹೇಳುಕಾತಿಲ್ಯಾ? ಈ ಸೀರೆಯಂಗ್ ಹ್ಯಾಂಗ್ ಒಳಗ್ ಬಪ್ದ್?" ಎಂದು ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡಳು.

ಬಾಗಿಲಲ್ಲಿ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡಿದ್ದ ಸುಪ್ರೀತಾ ಎಂಬಾಕೆ ನಿಂತಿದ್ದಳು. ಶಿರೂರಿನಿಂದ ಬರಬೇಕಿದ್ದ ಪ್ರಾರ್ಥನೆಯ ತಂಡ ಟ್ಯಾಂಕರಿನ ಆಚೆ ಸಿಕ್ಕಿಬಿದ್ದು ಅವಳಿಗೆ ತಲೆ ಕೆಟ್ಟುಹೋಗಿತ್ತು. ಜರಿ ಶಲ್ಯ ಹೊದ್ದು ಪಿಟೀಲಿನ ಪೆಟ್ಟಿಗೆ ಹಿಡಿದು ಬರುತ್ತಿದ್ದವರನ್ನು ಕಂಡದ್ದೇ, ತಂಡದಲ್ಲೊಬ್ಬರು ಹೇಗೋ ದಾಟಿ ಬಂದರೆಂದುಕೊಂಡು ಮೆಟ್ಟಿಲಿಳಿದು ಓಡಿಬಂದಳು.

"ಬಂದ್ರ್ಯಾ ಸರ್! ನಿಮ್ಮನ್ನೇ ಕಾಯ್ತಾ ಇತ್ತ್. ಎಲ್ಲರೂ ಬಂದ್ ಕೂಕಂಡಾಯ್ತ್."

"ಅಯ್ಯೋ, ಇದೆಲ್ಲ ಯಾಕೆ?" ಎಂದರು ಉರಾಳರು. ಬಚ್ಚಲಿನಲ್ಲಿ ಬಂದದ್ದಕ್ಕಿಂತ ಚೆನ್ನಾಗಿಯೇ ಬಂತು.

"ಎಂತ ಮಾಡುದ್ ಸರ್, ಬೋರ್ಡ್ ಮೀಟಿಂಗಂಗೇ ತೀರ್ಮಾನ ಆಯ್ದ್. ಬನ್ನಿ, ಬನ್ನಿ."

ಬೋರ್ಡ್ ಮೀಟಿಂಗು! ಶಿಷ್ಯರು ಇಷ್ಟು ವ್ಯವಸ್ಥಿತವಾಗಿ ಮಾಡುತ್ತಾರೆಂದು ಅವರು ಎಣಿಸಿರಲಿಲ್ಲ. ಆಕೆ ಕೈ ಹಿಡಿಯುವುದೊಂದು ಬಾಕಿ, ಪಕ್ಕದ ಬಾಗಿಲಿನಿಂದ ನೇರ ವೇದಿಕೆಗೆ ಹತ್ತಿಸಿದಳು. ವನಮಾಲಾಳಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತು. ಸಭಾಭವನ ತುಂಬಿತ್ತು. ವೇದಿಕೆಯ ಮೇಲೆ ಬಿಳಿ ಅಂಗಿಯ ಗಣ್ಯರು. ಉರಾಳರಿಗೆ ಅವರಲ್ಲಿ ಒಬ್ಬರದೂ ಗುರುತಿಲ್ಲ. ಆದರೆ ದೊಡ್ಡ ಸನ್ಮಾನ ಎಂದಮೇಲೆ ಗುರುತಿಲ್ಲದ ಗಣ್ಯರೇ ಇರಬೇಕಲ್ಲವೆ? ಎಲ್ಲರಿಗೂ ಕೈಮುಗಿದರು. ಎಲ್ಲರೂ ಕೈಮುಗಿದರು.

ಕೌಶಲನ ಆಂಪ್ಲಿಫಯರ್ ಒಂದು ಸಲ ಕಿರುಚಿ ಸರಿಯಾಯಿತು. ನಿರೂಪಕ, "ಈಗ ಕಲಾವಿದರು ವೇದಿಕೆಯ ಮುಂಭಾಗಕ್ಕೆ ಬರಬೇಕು" ಎಂದ. ಪ್ರಾರ್ಥನೆಗೆ ಎಂಬ ಮಾತನ್ನು ಹೇಳುವಷ್ಟರಲ್ಲಿ ಉರಾಳರು ಪೆಟ್ಟಿಗೆ ಕೆಳಗಿಟ್ಟು ಮೈಕಿನ ಕುತ್ತಿಗೆ ಹಿಡಿದಾಗಿತ್ತು.

"ಅರವತ್ತು ವರ್ಷ!" ಎಂದು ಒಂದು ಕ್ಷಣ ಕಣ್ಣು ಮುಚ್ಚಿದರು. "ತಿರುಗಿ ನೋಡಿದರೆ ಮೊನ್ನೆ ಮೊನ್ನೆ ಹುಟ್ಟಿದ ಹಾಗಿದೆ."

ಸಭೆ ಚಪ್ಪಾಳೆ ತಟ್ಟಿತು.

"ಹುಟ್ಟಿದಾಗ ಏನೂ ಜೀವವಿರಲಿಲ್ಲವಂತೆ. ಇದು ಒಂದು ವರ್ಷವೂ ಬಾಳುವುದಿಲ್ಲ ಎಂದು ಊರಿನವರೇ ಆಡಿಕೊಂಡಿದ್ದರಂತೆ."

ವೇದಿಕೆಯ ಹಿರಿಯರು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಹೌದಲ್ಲ, ಆಗ ಹಾಗೇ ಇತ್ತು.

"ಎಷ್ಟೋ ಜನ ಬಂದರು. ಅವರೆಲ್ಲ ಮುಂದೆ ಕೂತರು, ಹೆಸರು ಮಾಡಿದರು. ನಾನು ಪಕ್ಕದಲ್ಲೇ ಕೂತು ಅವರನ್ನು ಎತ್ತಿ ಹಿಡಿದೆ. ನನ್ನಿಂದ ಬೆಳೆದವರಲ್ಲಿ ಎಷ್ಟು ಮಂದಿ ಇಂದು ತಿರುಗಿ ನೋಡುತ್ತಾರೆ?"

ಇದಕ್ಕೆ ಇನ್ನೂ ಜೋರಾದ ಚಪ್ಪಾಳೆ ಬಿತ್ತು. ಆದರೆ ನಡುವಿನ ಕುರ್ಚಿಯಲ್ಲಿದ್ದ ಅಧ್ಯಕ್ಷ ಚಂದಯ್ಯ ಶೆಟ್ಟರು ಪಕ್ಕದವರ ಕಡೆ ಬಾಗಿದರು. ಅವರು ಮುಂಬಯಿಯಲ್ಲಿ ಹೋಟೆಲುಗಳನ್ನು ನಡೆಸಿ ಊರಿಗೆ ಬಂದವರು, ತಟ್ಟೆಯಲ್ಲಿ ಏನಿದೆ ಎಂದು ನೋಡದೆ ಯಾವುದನ್ನೂ ಬಾಯಿಗೆ ಹಾಕುವವರಲ್ಲ.

"ಇವ್ರ್ ಯಾರ್ ಮಾರಾಯ್ರೆ?"

"ಪ್ರಾರ್ಥನೆಯವ್ರ್ ಅಂಬ್ರ್."

"ಪ್ರಾರ್ಥನೆ ಇಷ್ಟ್ ಉದ್ದ ಇತ್ತಾ?"

ಉರಾಳರಿಗೆ ಅದು ಕೇಳಿಸಲಿಲ್ಲ. ಅವರು ಭಾಷಣದ ಅತ್ಯಂತ ಒಳ್ಳೆಯ ಭಾಗಕ್ಕೆ ಬಂದಿದ್ದರು. "ಈ ಸನ್ಮಾನಕ್ಕೆ ನಾನು ಅರ್ಹನಲ್ಲ," ಎಂದು ಕೈ ಬೀಸಿ, ಹಿಂದಿನ ಪರದೆಯತ್ತ ತಿರುಗಿದರು. ತಮ್ಮ ಯಾವ ಫೋಟೋ ಹಾಕಿದ್ದಾರೆಂದು ನೋಡುವ ಆಸೆಯೂ ಇತ್ತು.

ಪರದೆಯ ಮೇಲೆ ಅವರ ಫೋಟೋ ಇರಲಿಲ್ಲ. ಚಂದಯ್ಯ ಶೆಟ್ಟರದಿತ್ತು, ಹಿಂದಿನ ಅಧ್ಯಕ್ಷರುಗಳದ್ದಿತ್ತು, ತೆಂಗಿನಮರದ ಚಿತ್ರವಿತ್ತು. ಅಕ್ಷರಗಳನ್ನು ಅವರು ಮೇಲಿನಿಂದ ಕೆಳಗೆ ಓದಿದರು: ಅರವತ್ತರ ಸಂಭ್ರಮ, ಕೃಷಿಕರ ಸಹಕಾರಿ ಸಂಘ, ನೂತನ ಗೊಬ್ಬರ ಗೋದಾಮಿನ ಉದ್ಘಾಟನೆ.

ತಿರುಗಿದಾಗ ಮೊದಲು ಕಂಡದ್ದು ವನಮಾಲಾಳ ಮುಖ. ಅವಳು ಆಗಲೇ ಓದಿಯಾಗಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹೇಳುವಂತಿರಲಿಲ್ಲ. ಸಭೆ ಕಾಯುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ಉರಾಳರ ಬದುಕಿನಲ್ಲಿ ಮೊದಲ ಸಲ, ಹಾಡುವವರ ಹಿಂದೆ ಹೋಗದೆ, ಸ್ವಂತದ್ದೊಂದು ಹೊಳೆಯಿತು.

"ನಮ್ಮ ಈ ಸಂಘಕ್ಕೆ," ಎಂದರು, ಕೈ ಪರದೆಯ ಕಡೆಗೆ ಚಾಚಿಯೇ ಇತ್ತು, "ಬಾಯಿ ಇದ್ದಿದ್ದರೆ ಇಂದು ಹೀಗೆಯೇ ಮಾತಾಡುತ್ತಿತ್ತು!"

ಚಾವಣಿ ಹಾರಿಹೋಗುವಂಥ ಚಪ್ಪಾಳೆ. ಹಿಂದಿನವರು ಎದ್ದು ನಿಂತರು. ಚಂದಯ್ಯ ಶೆಟ್ಟರು ಕುರ್ಚಿ ಬಿಟ್ಟು ಬಂದು ಉರಾಳರನ್ನು ತಬ್ಬಿಕೊಂಡರು. "ಅರೆ ವಾಹ್! ಕ್ಯಾ ಬಾತ್ ಹೈ! ಸಂಘಕ್ಕೇ ಬಾಯಿ ಕೊಟ್ರಿ ಅಲ್ದಾ ಮಾರಾಯ್ರೆ! ಹ್ವಾಯ್, ಶಾಲ್ ತನ್ನಿ, ಒಂದ್ ಶಾಲ್ ತನ್ನಿ!"

ಮಂತ್ರಿಗಳಿಗೆಂದು ತರಿಸಿಟ್ಟು, ಮಂತ್ರಿಗಳು ಬಾರದೆ ಉಳಿದಿದ್ದ ಶಾಲು ಹೀಗೆ ಉರಾಳರ ಹೆಗಲಿಗೆ ಬಂತು. ಹಾರ ಬಂತು, ಹಣ್ಣಿನ ಬುಟ್ಟಿ ಬಂತು. ಪಿಟೀಲಿನ ಪೆಟ್ಟಿಗೆಯನ್ನು ಬುಟ್ಟಿಗೆ ಜಾಗ ಮಾಡಲು ಯಾರೋ ಮೇಜಿನ ಕೆಳಗೆ ಕಾಲಿನಿಂದ ಸರಿಸಿದರು.

ಊಟದ ಹೊತ್ತಿಗೆ ಅವರ ಸುತ್ತ ಜನವೋ ಜನ. ನಿರ್ದೇಶಕರು ಕೈ ಕುಲುಕಿದರು, ಸದಸ್ಯರು ಸೆಲ್ಫಿ ತೆಗೆದುಕೊಂಡರು. ಇದೇ ಮಾತಿಗೆ ಇನ್ನಷ್ಟು ಉಪ್ಪು ಖಾರ ಹಾಕಿ ಉರಾಳರು ಮತ್ತೆ ಮತ್ತೆ ಹೇಳುತ್ತಿದ್ದರು. ಮೂರನೇ ಸಲ ಹೇಳುವಾಗ ತಮಗೂ ಮೊದಲಿನಿಂದ ಅದೇ ಉದ್ದೇಶವಿತ್ತು ಎಂದು ಅನ್ನಿಸಲಾರಂಭಿಸಿತ್ತು. ನಡುವೆ ವನಮಾಲಾ ಬಂದು ಮೊಣಕೈ ಮುಟ್ಟಿದಳು.

"ಹ್ವಾಯ್, ಗಾಡಿ ಕುಂದಾಪ್ರ ಬಿಟ್ಟಿತಂಬ್ರ್. ಕೌಶಲ್ ಸ್ಟೇಷನ್ನಿಗ್ ಬಿಡ್ತ್ನಂಬ್ರ್. ಬತ್ರ್ಯಾ?"

"ಹ್ಞಾಂ, ಹ್ಞಾಂ. ನೀನು ಹೋಗಿ ಕೂತಿರು."

"ನಾ ಹೋಯ್ ಕೂಕಂತೆ, ಆಯ್ತ್," ಎಂದಳು ವನಮಾಲಾ. ಹಣ್ಣಿನ ಬುಟ್ಟಿಯಿಂದ ಎರಡು ಕಿತ್ತಳೆ ತೆಗೆದು ಕೈಚೀಲಕ್ಕೆ ಹಾಕಿಕೊಂಡು ಹೋದಳು.

ಚಂದಯ್ಯ ಶೆಟ್ಟರು ಉರಾಳರನ್ನು ಬದಿಗೆ ಕರೆದರು. "ನಾಳೆ ಕೋಟೇಶ್ವರದಂಗೆ ನಮ್ಮ್ ಹೋಟೆಲ್‌ನವ್ರದ್ದ್ ಒಂದ್ ಕಾರ್ಯಕ್ರಮ ಇತ್ತ್. ನೀವ್ ಬಂದ್ ಹೀಂಗೇ ಒಂದ್ ನಾಲ್ಕ್ ಮಾತ್ ಹೇಳ್ಕ್. ಹೋಟೆಲ್ಲಿಗೆ ಬಾಯಿ ಬಂದ್ರೆ ಎಂತ ಹೇಳುಗು ಅಂದೇಳಿ."

"ಖಂಡಿತ," ಎಂದರು ಉರಾಳರು. "ಸ್ವಲ್ಪ ವಯಲಿನ್ ಕೂಡ..."

"ಪಿಟೀಲ್ ತರುದ್ ಬ್ಯಾಡ," ಎಂದರು ಚಂದಯ್ಯ ಶೆಟ್ಟರು ಪ್ರೀತಿಯಿಂದ. "ಸುಮ್ನೆ ಹೊತ್ಕಂಡ್ ಬಪ್ಪುಕ್ ನಿಮ್ಗ್ ಕಷ್ಟ."

ಸಭಾಭವನ ಖಾಲಿಯಾಗಿ ಶಾಮಿಯಾನ ಬಿಚ್ಚತೊಡಗಿದಾಗ ಉರಾಳರಿಗೆ ಹೆಂಡತಿಯ ನೆನಪಾಯಿತು. ಕಾರಿನಲ್ಲಿ ಇರಲಿಲ್ಲ. ಫೋನು ಮಾಡಿದರು. ಗಾಳಿಯ ಸದ್ದು, ಅದರ ಹಿಂದೆ ಅಲೆಯ ಸದ್ದು.

"ಎಲ್ಲಿದ್ದಿ ಮಾರಾಯ್ತಿ?"

"ಗೋಕರ್ಣದಂಗೆ. ಹೋಯ್ ಕೂತಿರು ಅಂದ್ರಿಯಲ್ದಾ? ಕೂಕಂಡಿದ್ದೆ. ರೂಮ್ ಲಾಯ್ಕಿತ್ತ್."

"ನಾನ್ ಬರುದಾ ಬ್ಯಾಡ್ದಾ?"

"ನಿಮ್ಗ್ ನಾಳೆ ಭಾಷಣ ಇತ್ತಂಬ್ರಲೆ, ಕೌಶಲ್ ಹೇಳ್ದ. ನಾ ನಾಡಿದ್ದ್ ಬತ್ತೆ." ಕೊನೆಗೆ, "ಹುಟ್ಟುಹಬ್ಬದ್ದ್ ಒಳ್ಳೆದಾಯ್ಲಿ," ಎಂದು ಹೇಳಿ ಇಟ್ಟಳು.

ಹಿಂದಿರುಗುವ ದಾರಿಯಲ್ಲಿ ಉರಾಳರು ಮುಂದಿನ ಸೀಟಿನಲ್ಲಿ ಕೂತು ಮರವಂತೆ ದಾಟುವವರೆಗೂ ಶಾಲಿನ ಅಂಚು ಮಡಿಚುತ್ತ ಬಂದರು. ಆಮೇಲೆ ತಡೆಯಲಾರದೆ ಕೇಳಿದರು: "ಅಲ್ಲ ಕೌಶಲ್, ನೀವ್ ಯಾರೂ ಎಂತದೂ ಯೋಚನೆಯೇ ಮಾಡ್ಲಿಲ್ಯಾ?"

"ಮಾಡಿತ್ತ್ ಮಾಷ್ಟ್ರೇ! ಬ್ರಹ್ಮಾವರದಂಗೆ ಹಾಲ್ ಬುಕ್ ಮಾಡಿತ್ತ್. ನಿಮ್ದೇ ಪಿಟೀಲ್ ಕಛೇರಿ ಇಡುವ, ಹಾಡುವರ್ ಯಾರೂ ಬ್ಯಾಡ, ನೀವೊಬ್ರೇ ಅಂದೇಳಿ ಮಾತಾಡಿತ್ತ್. ಮತ್ತೆ ನೀವ್ ಅಷ್ಟ್ ಸಲ ಬ್ಯಾಡ ಅಂದ್ರಿ. ಗುರುಗಳ್ ಮಾತ್ ಮೀರುಕಾಗ ಅಂದೇಳಿ ನಮ್ ಕ್ಲಾಸಿನ್ ಯಾಮಿನಿ ಎಲ್ಲ ಕ್ಯಾನ್ಸಲ್ ಮಾಡ್ಸಿದ್ರ್." ಅವನು ಹೆಮ್ಮೆಯಿಂದ ಗುರುಗಳತ್ತ ನೋಡಿದ. "ನಾವ್ ಎಷ್ಟಾದ್ರೂ ನಿಮ್ ಶಿಷ್ಯರಲ್ದಾ?"

ಉರಾಳರು ಕಿಟಕಿಯ ಗಾಜು ಇಳಿಸಿದರು. ಶಲ್ಯ ಹಾರಿದರೆ ಹಾರಲಿ ಎಂದು ಬಿಟ್ಟರು.

ಕೋಟದ ಮನೆಯ ಅಂಗಳದಲ್ಲಿ ಇಳಿದು, ಶಾಲು, ಹಾರ, ಅರ್ಧ ಖಾಲಿಯಾದ ಬುಟ್ಟಿ, ಪೆಟ್ಟಿಗೆ ಎಲ್ಲವನ್ನೂ ಜಗಲಿಯಲ್ಲಿಟ್ಟು ಜುಬ್ಬಾದ ಕಿಸೆಗೆ ಕೈ ಹಾಕಿದರು. ಒಂದು ಕಿಸೆ, ಇನ್ನೊಂದು ಕಿಸೆ. ಬಾಗಿಲಿಗೆ ಬೀಗವಿತ್ತು. ಕೀಲಿಕೈ ಗೋಕರ್ಣದಲ್ಲಿ ಸಮುದ್ರ ನೋಡುತ್ತಿತ್ತು.

"ತೆಕ್ಕಟ್ಟಿಗ್ ಬನ್ನಿ ಮಾಷ್ಟ್ರೇ," ಎಂದ ಕೌಶಲ್. "ನಮ್ ಗೋದಾಮಂಗೆ ಫ್ಯಾನ್ ಇತ್ತ್, ದಿಂಬಿತ್ತ್. ಹಾಸುಕೆ ಕೆಂಪ್ ಕಾರ್ಪೆಟ್ ಇತ್ತ್. ವಿಐಪಿಗಳಿಗ್ ಹಾಸೂದ್ ಅದೇ."

ಉರಾಳರು ಅವನ ಮುಖವನ್ನೇ ನೋಡಿದರು. ಅಲ್ಲಿ ಕುಚೋದ್ಯದ ಎಳೆಯೂ ಇರಲಿಲ್ಲ.

"ತೊಳೆದದ್ದಾ?" ಎಂದು ಕೇಳಿ, ಪೆಟ್ಟಿಗೆಯನ್ನೆತ್ತಿಕೊಂಡು ಕಾರು ಹತ್ತಿದರು.